ಯಾವ ನಗರದಲ್ಲಿ ನೆಲೆಸಬೇಕು?

ಆಸ್ಟ್ರೇಲಿಯಾಕ್ಕೆ ತೆರಳಬಯಸುವ ನಮ್ಮ ಹಳೆಯ ವಿದ್ಯಾರ್ಥಿಗಳು ಸಿಡ್ನಿ, ಮೆಲ್ಬರ್ನ್‌ಗಳ ಹೊರತು ಬೇರೆ ಊರಿನ ಹೆಸರನ್ನೇ ಎತ್ತುವುದಿಲ್ಲ. ಅಲ್ಲಿ ಪರಿಚಿತರುಂಟು, ಉದ್ಯೋಗಗಳು ಹೇರಳ, ನಿಜ. ಆದರೆ ಸಿಡ್ನಿಯ ಮನೆಬಾಡಿಗೆಯು ಸಂಬಳದ ಎಷ್ಟು ಪಾಲನ್ನು ನುಂಗುವುದೆಂಬುದನ್ನು ಅಲ್ಲಿಂದ ಬರುವ ಭಾವಚಿತ್ರಗಳು ತಿಳಿಸವು. ಊರಿನಲ್ಲಿ ಸಾಲ ತೀರಿಸಬೇಕಾದವರು ಅಡಿಲೇಡನ್ನು ಪರಿಶೀಲಿಸುವುದು ಲೇಸೆಂಬುದು ನನ್ನ ಅಭಿಮತ. 1837ರಲ್ಲಿ ಕರ್ನಲ್ ಲೈಟ್ ರೂಪಿಸಿದ ಆ ನಗರದ ನಡುಭಾಗವನ್ನು ಉದ್ಯಾನಭೂಮಿಯು ಇಂದಿಗೂ ಸುತ್ತುವರಿದಿದೆ! 2019ರ ನವೆಂಬರಿನಲ್ಲಿ ಜಾರಿಗೆ ಬಂದ 491ನೆಯ ವರ್ಗದ ವೀಸಾದ ಲೆಕ್ಕದಲ್ಲಿ ಅಡಿಲೇಡ್ ‘ಪ್ರಾದೇಶಿಕ’ ನಗರ; ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್‌ಗಳು ಅಲ್ಲ. ರಾಜ್ಯ ಸರಕಾರವು ಶಿಫಾರಸು ಮಾಡಿದರೆ ಅರ್ಜಿದಾರನಿಗೆ 15 ಅಂಕಗಳು ಅಧಿಕವಾಗಿ ದೊರೆಯುತ್ತವೆ. ವೀಸಾದ ಅವಧಿ 5 ವರ್ಷ. ಕನಿಷ್ಠ 3 ವರ್ಷ ನಿಯಮಾನುಸಾರ ವಾಸಿಸಿ ದುಡಿದವನು ಕಾಯಂ ನಿವಾಸಕ್ಕೆ ಅರ್ಜಿ ಸಲ್ಲಿಸಬಹುದು. ಆದರೆ ಆ ವೀಸಾದಲ್ಲಿರುವಷ್ಟು ಕಾಲ ಸಿಡ್ನಿಗೆ ವಾಸ ಬದಲಿಸುವಂತಿಲ್ಲ. ಆದುದರಿಂದ ತನ್ನ ಕಸುಬಿಗೆ ಅಡಿಲೇಡಿನಲ್ಲಿ ಕೆಲಸವುಂಟೇ ಎಂಬುದನ್ನು ಅರ್ಜಿಗೆ ಮುನ್ನವೇ ವಿಚಾರಿಸಬೇಕು. ಸಲಹೆ ಕೇಳಿ ಬಂದವರಿಗೆ ಶಿಕ್ಷಕ ಮಹನೀಯರು ಈ ಷರತ್ತನ್ನೇ ಮೊದಲು ತಿಳಿಸಲಿ.