ಮೊಣಕೈಯಲ್ಲಿ ನಿಂತ ಅಲೆ

ಮಕ್ಕಳೇ,

ಹೋದ ಸಂಚಿಕೆಯಲ್ಲಿ ಮಿಡಿ ಉಪ್ಪಿನಕಾಯಿಯ ಬಗ್ಗೆ ಬರೆದಿದ್ದೆ. ಅದನ್ನು ಓದಿದವರು ನಿಮ್ಮ ಅಮ್ಮಂದಿರು ಮಾತ್ರ ಎಂದು ನನಗೆ ಚೆನ್ನಾಗಿ ಗೊತ್ತು. ಈ ಸಲ ಹಾಗಾಗಬಾರದೆಂದು ನಿಮ್ಮ ಕಡೆಯ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಕನ್ನಡ ಓದಲು ತಡವರಿಸುವವರು ಅಪ್ಪನ ಕೈಯಲ್ಲೋ ಅಜ್ಜನ ಕೈಯಲ್ಲೋ ಓದಿಸಿಕೊಳ್ಳಿ, ಅಡ್ಡಿಯಿಲ್ಲ.

ವಿಷಯ ಇಷ್ಟೇ. ನಾಲ್ಕು ತಿಂಗಳಿಂದ ನಾನು ಲಿಕ್ವಿಡ್ ಡ್ಯಾನ್ಸ್ ಕಲಿಯುತ್ತಿದ್ದೇನೆ.

ನಗು ಬಂತೇ? ಬರಲಿ. ನಮ್ಮ ಯಜಮಾನರೂ ನಕ್ಕರು. ಆ ನಗುವಿನ ಬಗ್ಗೆ ಆಮೇಲೆ ಹೇಳುತ್ತೇನೆ.

ಇದು ಶುರುವಾದದ್ದು ಹೆಗಲಿನಿಂದ. ಕಳೆದ ವರ್ಷ ನನ್ನ ಬಲ ಹೆಗಲು ಹಿಡಿದುಕೊಂಡಿತು. 'ಫ್ರೋಜನ್ ಶೋಲ್ಡರ್' ಎಂದರು ಡಾಕ್ಟರು. ನಲವತ್ತು ದಾಟಿದ ಹೆಂಗಸರನ್ನು ಹೆಚ್ಚಾಗಿ ಕಾಡುವ ತೊಂದರೆಯಂತೆ. ಜಡೆ ಹೆಣೆಯಲಾಗದು, ಮೇಲಿನ ಶೆಲ್ಫಿನಿಂದ ಹುಳಿಪುಡಿ ಡಬ್ಬ ಇಳಿಸಲಾಗದು. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ನಡೆಸುವ ವ್ಯಾಯಾಮವನ್ನು ತಿಂಗಳುಗಟ್ಟಲೆ ಮಾಡಿದೆ. ನೋವೇನೋ ಹೋಯಿತು, ಭಯ ಹೋಗಲಿಲ್ಲ. ಕೈ ಎತ್ತಬೇಕೆಂದು ಮನಸ್ಸು ಮಾಡುವ ಮೊದಲೇ ಹೆಗಲು ಮೇಲೆದ್ದು ಕಿವಿಯ ಹತ್ತಿರ ಕೂರುತ್ತಿತ್ತು.

ಅದನ್ನು ಗಮನಿಸಿದವನು ನನ್ನ ಮಗ. ಕಾಲೇಜಿನಲ್ಲಿದ್ದಾಗಿನಿಂದ ಅವನಿಗೆ ಈ ನೃತ್ಯದ ಹುಚ್ಚು. ರೂಮಿನ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೈ ಆಡಿಸುತ್ತಿದ್ದ. ಇದೇನಪ್ಪಾ ಮಾಟಗಾರನ ಹಾಗೆ ಎಂದು ನಾನು ಬಾಗಿಲ ಸಂದಿಯಿಂದ ನೋಡಿದ್ದೂ ಉಂಟು. ಒಂದು ಸಂಜೆ ಅವನೇ ಬಂದು, ಫಿಸಿಯೋಥೆರಪಿಯವರನ್ನು ಒಂದು ಮಾತು ಕೇಳಿ ನೋಡು, ಒಪ್ಪಿದರೆ ನಾನು ಕಲಿಸುತ್ತೇನೆ ಎಂದ. ಅವರು ಒಪ್ಪಿದರು. ನೋವಾದರೆ ನಿಲ್ಲಿಸಬೇಕು ಎಂಬ ಷರತ್ತು ಹಾಕಿದರು.

ನಿಮ್ಮಲ್ಲಿ ಗೊತ್ತಿಲ್ಲದವರಿಗೆ ಈ ನೃತ್ಯದ ಪರಿಚಯ ಹೇಳಿಬಿಡುತ್ತೇನೆ. ಇದು 1990ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದದ್ದು. ಅಲ್ಲಿನ ಹುಡುಗ ಹುಡುಗಿಯರು ರಾತ್ರಿಯಿಡೀ ಎಲೆಕ್ಟ್ರಾನಿಕ್ ಸಂಗೀತ ಹಾಕಿಕೊಂಡು ಕುಣಿಯುವ ಕೂಟಗಳಿದ್ದವು. ಅವಕ್ಕೆ ರೇವ್ ಎಂದು ಹೆಸರು. ಆ ಹೆಸರು ಕೇಳಿದೊಡನೆ ನನ್ನ ಎದೆ ಧಸಕ್ಕೆಂದಿತು. ನಮ್ಮ ಪತ್ರಿಕೆಗಳಲ್ಲಿ ಆ ಮಾತು ಕಾಣಿಸುವುದು ಪೊಲೀಸ್ ದಾಳಿಯ ಸುದ್ದಿಯಲ್ಲಿ ತಾನೇ? ಅಲ್ಲಿಯೂ ಮಾದಕ ವಸ್ತುಗಳ ಕಾಟ ಇದ್ದದ್ದು ನಿಜ. ಅದಕ್ಕೆ ಜಾಗ ಕೊಡುವವರನ್ನು ಶಿಕ್ಷಿಸಲು 2003ರಲ್ಲಿ ಅಮೆರಿಕದ ಕಾನೂನನ್ನೇ ಬಿಗಿ ಮಾಡಿದರು. ಆದರೆ ಅದೇ ಕೂಟಗಳ ಮೂಲೆಯಲ್ಲಿ ತಮ್ಮ ಕೈಗಳನ್ನೇ ನೋಡಿಕೊಂಡು ಮೈಮರೆತು ಅಭ್ಯಾಸ ಮಾಡುತ್ತಿದ್ದವರೂ ಇದ್ದರು. ಕತ್ತಲಲ್ಲಿ ಎದ್ದು ಕಾಣಲೆಂದು ಬಿಳಿಯ ಕೈಗವಸು ತೊಡುವವರೂ, ಹೊಳೆಯುವ ಕಡ್ಡಿ ಹಿಡಿಯುವವರೂ ಇದ್ದರು. ಈ ನೃತ್ಯವನ್ನು ಬೆಳೆಸಿದವರು ಅಂಥವರು.

ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಊರಿನಲ್ಲಿ ಬೂಗಲೂ ಸ್ಯಾಮ್ ಎಂಬಾತ 1977ರಲ್ಲಿ ಒಂದು ನೃತ್ಯ ತಂಡ ಕಟ್ಟಿದ. ಸ್ನಾಯುವನ್ನು ತಟ್ಟನೆ ಬಿಗಿದು ಸಡಿಲಿಸುವ 'ಪಾಪಿಂಗ್' ಹೆಸರಾದದ್ದು ಅವರಿಂದ. ಅದರ ಜೊತೆಜೊತೆಗೇ ಬೆಳೆದದ್ದು ಮೈಯಲ್ಲಿ ಅಲೆ ಹರಿಸುವ 'ವೇವಿಂಗ್'. ಲಿಕ್ವಿಡ್ ನಮ್ಮ ವೇವಿಂಗ್‌ನಿಂದಲೇ ಹುಟ್ಟಿತು ಎಂದು ಅವರು, ಅಲ್ಲ ನಮ್ಮ ಕೂಟಗಳಲ್ಲಿ ಹುಟ್ಟಿತು ಎಂದು ಇವರು, ಇಂದಿಗೂ ವಾದ ಮಾಡುತ್ತಾರೆ. ನಮ್ಮ ಸಂಘದ ಸ್ಥಾಪಕರು ಯಾರು ಎಂಬ ವಾದದ ಹಾಗೆ ಅಂದುಕೊಳ್ಳಿ.

ಅಲೆ ಎಂದರೇನು? ಸಮುದ್ರದ ಅಲೆ ದಡಕ್ಕೆ ಬರುವಾಗ ನೀರೇ ಓಡಿ ಬಂದಂತೆ ಕಾಣುತ್ತದೆ. ನಿಜದಲ್ಲಿ ದೂರದ ನೀರು ಹೆಚ್ಚು ಕಡಿಮೆ ಇದ್ದಲ್ಲೇ ಏರಿ ಇಳಿಯುತ್ತದೆ, ಓಡುವುದು ಆಕಾರ ಮಾತ್ರ. ಕೈಯೂ ಹಾಗೆಯೇ. ಬೆರಳ ತುದಿ ಬಾಗುತ್ತದೆ, ಬೆರಳಿನ ಬುಡ ಏಳುತ್ತದೆ. ಅದು ಇಳಿಯುವಾಗ ಮಣಿಕಟ್ಟು ಏಳುತ್ತದೆ. ಮಣಿಕಟ್ಟು ಇಳಿಯುವಾಗ ಮೊಣಕೈ, ಆಮೇಲೆ ಹೆಗಲು, ಎದೆ, ಆ ಕಡೆಯ ಹೆಗಲು. ಒಂದೊಂದು ಕೀಲೂ ತನ್ನ ಸರದಿ ಬಂದಾಗ ಮಾತ್ರ ಏಳಬೇಕು, ಉಳಿದವು ಸುಮ್ಮನಿರಬೇಕು. ನೋಡುವವರಿಗೆ ಒಂದು ಚೆಂಡು ಚರ್ಮದ ಒಳಗೇ ಉರುಳಿಹೋದ ಹಾಗೆ ಕಾಣುತ್ತದೆ. ಹೇಳಲು ಸುಲಭ!

ಮೊದಲ ತಿಂಗಳು ಬೆರಳುಗಳಿಗೇ ಹೋಯಿತು. ಕಿರುಬೆರಳಿನಿಂದ ತೋರುಬೆರಳಿನವರೆಗೆ ಒಂದರ ಹಿಂದೊಂದು ಮಡಿಸಿ ಬಿಡಿಸಬೇಕು. ಉಂಗುರದ ಬೆರಳು ಮಾತ್ರ ಒಬ್ಬಂಟಿಯಾಗಿ ಏಳಲು ಒಪ್ಪುವುದಿಲ್ಲ. ಅದರ ನರದೋಷವಲ್ಲ ಅದು. ಕೈಯ ಹಿಂಬದಿಯಲ್ಲಿ ಅದನ್ನು ಎತ್ತುವ ಸ್ನಾಯುವಿನ ಹುರಿ ಅಕ್ಕಪಕ್ಕದ ಬೆರಳುಗಳ ಹುರಿಗೆ ಕಟ್ಟಿಕೊಂಡಿರುತ್ತದೆ. ಕೂಡುಕುಟುಂಬದ ಸೊಸೆಯ ಹಾಗೆ! ಕುಕ್ಕರಿನ ಸೀಟಿ ಕಾಯುತ್ತಾ ಅಡುಗೆಮನೆಯ ಕಿಟಕಿಯ ಬಳಿ ಇದನ್ನೇ ಮಾಡುತ್ತಿದ್ದೆ. ಎದುರು ಮನೆಯ ಮರಾಠಿ ಕಾಕು ತನ್ನನ್ನೇ ಕರೆಯುತ್ತಿದ್ದೇನೆಂದು ತಿಳಿದು ಎರಡು ದಿನ ಕೈ ಬೀಸಿದರು. ಮೂರನೆಯ ದಿನ ಮನೆಗೇ ಬಂದರು.

ಎರಡನೆಯ ತಿಂಗಳು ಮೊಣಕೈ. ಮಗ ಫೋನಿನಲ್ಲಿ ಚಿತ್ರ ಹಿಡಿದು ತೋರಿಸಿದ. ನನ್ನ ಮನಸ್ಸಿನಲ್ಲಿ ಶರಾವತಿಯೇ ಹರಿಯುತ್ತಿತ್ತು. ಫೋನಿನಲ್ಲಿ ನೋಡಿದರೆ ಅಲೆ ಮಣಿಕಟ್ಟಿನವರೆಗೆ ಬಂದು, ಮೊಣಕೈಯಲ್ಲಿ ಕಲ್ಲಿನ ಹಾಗೆ ನಿಂತು, ಆಮೇಲೆ ಒಂದೇ ನೆಗೆತಕ್ಕೆ ಹೆಗಲಿನಲ್ಲಿ! ಹೆಗಲಂತೂ ಹಳೆಯ ಭಯಕ್ಕೆ ಮೊದಲೇ ಎದ್ದು ಕೂತಿದೆ. ಅಲ್ಲಿಂದ ನಾವು ಲೆಕ್ಕ ಹಾಕಿ ಮಾಡತೊಡಗಿದೆವು. ಒಂದಕ್ಕೆ ಬೆರಳು, ಎರಡಕ್ಕೆ ಬೆರಳ ಬುಡ, ಮೂರಕ್ಕೆ ಮಣಿಕಟ್ಟು, ನಾಲ್ಕಕ್ಕೆ ಮೊಣಕೈ, ಐದಕ್ಕೆ ಹೆಗಲು. ಸರದಿ ಬಂದ ಕೀಲನ್ನು ಇನ್ನೊಂದು ಕೈಯ ಬೆರಳಿನಿಂದ ಮುಟ್ಟಿ ಎಬ್ಬಿಸಬೇಕು. ಅವನ ಹೌಸ್ ಸಂಗೀತದಲ್ಲಿ ನಿಮಿಷಕ್ಕೆ ಸುಮಾರು 120ರಿಂದ 130 ಪೆಟ್ಟು, ನನಗೆ ಅದು ಓಡುವ ಬಸ್ಸು ಹತ್ತಿದ ಹಾಗೆ. ನಾನು ನಿಧಾನದ ಆಲಾಪ ಹಾಕಿಕೊಂಡೆ. ತಪ್ಪೇನಿಲ್ಲ, ಅಲೆ ಮುರಿಯದಿದ್ದರೆ ಸಾಕು ಎಂದ ಗುರು.

ಹುಡುಗಿಯಾಗಿದ್ದಾಗ ಎರಡು ವರ್ಷ ಭರತನಾಟ್ಯ ಕಲಿತಿದ್ದೆ. ಅದು ಇಲ್ಲಿ ಸ್ವಲ್ಪ ಕೈ ಹಿಡಿಯಿತು. ಪತಾಕ ಹಸ್ತ ಹಿಡಿದ ಅಂಗೈ ಚಪ್ಪಟೆಯಾಗಿ ನಿಲ್ಲುವುದು ಅಭ್ಯಾಸವಿತ್ತು. ಕೈ ಹೋದಲ್ಲಿಗೆ ಕಣ್ಣು ಹೋಗಬೇಕು ಎಂಬ ಪಾಠ ಎರಡಕ್ಕೂ ಒಂದೇ. ವ್ಯತ್ಯಾಸವೂ ದೊಡ್ಡದು. ಭರತನಾಟ್ಯದ ಅಭಿನಯದಲ್ಲಿ ಕೈ ಕಮಲವಾಗುತ್ತದೆ, ಜಿಂಕೆಯಾಗುತ್ತದೆ. ಇಲ್ಲಿ ಕೈ ಏನನ್ನೂ ಹೇಳಬೇಕಾಗಿಲ್ಲ, ಹರಿದರೆ ಸಾಕು. ಇನ್ನೊಂದು ವ್ಯತ್ಯಾಸ, ಇಲ್ಲಿ ಪರೀಕ್ಷೆಯಿಲ್ಲ, ರಂಗಪ್ರವೇಶವಿಲ್ಲ. ಸುತ್ತ ನಿಂತವರ ನಡುವೆ ಒಬ್ಬೊಬ್ಬರಾಗಿ ಬಂದು ಕುಣಿಯುವುದು, ಎಡವುವುದು, ಪಕ್ಕದವನನ್ನು ನೋಡಿ ಕಲಿಯುವುದು. ಆಮೇಲೆ ವಿಡಿಯೋ ನೋಡಿ ಕಲಿಯುವುದು ಬಂತು. ಎಲ್ಲರೂ ಎಲ್ಲರ ಕಣ್ಣೆದುರಿಗೇ ತಪ್ಪು ಮಾಡಿದವರು.

'ನಮ್ಮವರಿಗೆ ಇದೆಲ್ಲ ಒಗ್ಗುವುದಿಲ್ಲ' ಎನ್ನುವವರಿಗೆ ನಾನು ಪ್ರಭುದೇವನ ಹೆಸರು ಹೇಳುತ್ತೇನೆ. ಅವರ ತಂದೆ ಸುಂದರ್ ಅವರ ಮೂಲ ಮೈಸೂರು ಜಿಲ್ಲೆಯ ಮೂಗೂರು. ಮಗ ಬೆಳೆದದ್ದು ಚೆನ್ನೈಯಲ್ಲಿ, ನಿಮ್ಮ ಹಾಗೆಯೇ ಹೊರನಾಡಿನಲ್ಲಿ. ಭರತನಾಟ್ಯ ಕಲಿತ ಆ ಮೈಯೇ 1994ರ 'ಕಾದಲನ್' ಚಿತ್ರದ 'ಮುಕ್ಕಾಲ ಮುಕಾಬಲಾ' ಹಾಡಿನಲ್ಲಿ ಮೂಳೆಯೇ ಇಲ್ಲದಂತೆ ಬಳುಕಿದಾಗ ದೇಶವೇ ಬೆರಗಾಗಿತ್ತು. ಅದು ಲಿಕ್ವಿಡ್ ಅಲ್ಲ, ಒಪ್ಪುತ್ತೇನೆ. ಆದರೆ ದೂರದ ನೆಂಟಸ್ತಿಕೆಯಂತೂ ಇದೆ.

ಮೂರನೆಯ ತಿಂಗಳಿಗೆ ಎರಡು ಕೈಗಳ ಪಾಠ ಬಂತು. ನಾನು ಈ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ.

ಎರಡು ಕೈಗಳ ಬೆರಳ ತುದಿಗಳನ್ನು ತಾಗಿಸಿ ಅಲೆಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕು. ದಾಟಿದ ಜಾಗ ಕಾಣಬಾರದು. ಇನ್ನೊಂದು ಪಾಠಕ್ಕೆ 'ರೇಲ್' ಎಂದು ಹೆಸರು. ಕಾಣದ ಹಳಿಯ ಮೇಲೆ ಹೋಗುವ ಹಾಗೆ ಒಂದು ಕೈಯ ಹಿಂದೆ ಇನ್ನೊಂದು ಕೈ, ನಡುವಿನ ಅಂತರ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಸಾಗಬೇಕು. 'ಕಾಂಟೂರ್' ಎಂದರೆ ಒಂದು ಅಂಗೈ ಇನ್ನೊಂದು ತೋಳಿನ ಅಂಚನ್ನು ಮುಟ್ಟದೆಯೇ ಸವರಿಕೊಂಡು ಹೋಗುವುದು. ಇದನ್ನೆಲ್ಲ ಮಗ ಇಂಗ್ಲಿಷಿನಲ್ಲೇ ಹೇಳುತ್ತಿದ್ದ. ನಮ್ಮ ಮನೆಯ ರೂಢಿ ನಿಮ್ಮ ಮನೆಯದೇ, ನಾನು ಕನ್ನಡದಲ್ಲಿ ಕೇಳುತ್ತೇನೆ, ಅವನು ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ನಾನು ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳು. ಆದರೂ 'ಐಸೊಲೇಟ್' ಎಂಬ ಮಾತು ನನಗೆ ಅರ್ಥವಾಗುತ್ತಿತ್ತೇ ಹೊರತು ನನ್ನ ಕೈಗೆ ಅರ್ಥವಾಗುತ್ತಿರಲಿಲ್ಲ. ಹತ್ತು ಸಲ ಹೇಳಿ ಸೋತು ಅವನು ತಟ್ಟನೆ ಕನ್ನಡಕ್ಕೆ ಹೊರಳಿದ.

"ನೋಡಮ್ಮ, ಬಲಗೈ ಬರ್ತಾನೆ. ಎಡಗೈ ಅವನ ಹಿಂದೆ ಹೋಗ್ತಾನೆ. ಅವನನ್ನ ಬಿಡಬಾರದು."

ಮರಾಠಿಯಲ್ಲಿ, ಹಿಂದಿಯಲ್ಲಿ ಕೈ ಪುಲ್ಲಿಂಗ. ಪುಣೆಯಲ್ಲಿ ಬೆಳೆದ ಹುಡುಗ, ಕನ್ನಡದ ಕೈಯನ್ನೂ ಗಂಡು ಮಾಡಿದ್ದ. ನಗು ನನ್ನ ಗಂಟಲವರೆಗೆ ಬಂತು. ಅಲ್ಲೇ ನಿಂತಿತು.

ಯಾಕೆಂದರೆ ಇಂಥದೇ ಒಂದು ನಗು ನನಗೆ ನೆನಪಾಯಿತು. ಅವನಿಗೆ ಒಂಬತ್ತು ವರ್ಷವಿದ್ದಾಗ ರಜೆಗೆಂದು ಸಾಗರಕ್ಕೆ ಹೋಗಿದ್ದೆವು. ಊಟಕ್ಕೆ ಕರೆದಾಗ, ಅಜ್ಜಿಯ ಜೊತೆ ಕೂತು ತಿನ್ನುತ್ತೇನೆ ಎನ್ನಲು ಹೋಗಿ, "ಅಜ್ಜಿ, ನಾನು ನಿನ್ನನ್ನ ತಿಂತೀನಿ" ಎಂದುಬಿಟ್ಟ. ಮನೆಯೇ ಬಿದ್ದು ಬಿದ್ದು ನಕ್ಕಿತು. ಅಷ್ಟಕ್ಕೆ ಮುಗಿದಿದ್ದರೆ ಚಿಂತೆಯಿರಲಿಲ್ಲ. ಪುಣೆಗೆ ಬಂದು ನಾನು ಅದನ್ನು ಸಂಘದ ಪ್ರತಿ ಕಾರ್ಯಕ್ರಮದಲ್ಲೂ ಹೇಳಿದೆ, ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಹೇಳಿದೆ. 'ಅಜ್ಜಿಯನ್ನು ತಿಂದವನು' ಎಂದೇ ಅವನಿಗೆ ಹೆಸರಾಯಿತು. ಅಲ್ಲಿಂದೀಚೆಗೆ ಅವನು ಅಜ್ಜಿಯ ಫೋನು ಬಂದರೆ 'ಹೂಂ', 'ಉಹೂಂ' ಎರಡೇ ಮಾತು ಆಡುತ್ತಿದ್ದ. ಈಗಿನ ಮಕ್ಕಳಿಗೆ ಕನ್ನಡದ ಅಭಿಮಾನವಿಲ್ಲ ಎಂದು ನಾನು ಇದೇ ಅಂಕಣದಲ್ಲಿ ಬರೆದೂ ಇದ್ದೇನೆ.

ಆ ಸಂಜೆ ನಾನು ತಿದ್ದಲಿಲ್ಲ. "ಹಾಗಾದರೆ ಎಡಗೈ ಯಾವಾಗ ಹೊರಡಬೇಕು?" ಎಂದು ಕೇಳಿದೆ. ಅವನು ಹೇಳಿದ. ಇನ್ನೊಂದು ಕೇಳಿದೆ. ಅರ್ಧ ಗಂಟೆ ಕನ್ನಡದಲ್ಲೇ ಪಾಠ ನಡೆಯಿತು. ಎರಡು ಕೈಗಳೂ ಅಣ್ಣ ತಮ್ಮಂದಿರಾಗಿ ಒಬ್ಬರ ಹಿಂದೊಬ್ಬರು ಹೋದರು. ನಿಜ ಹೇಳಲೇ? ಹಾಗೆ ಯೋಚಿಸಿದಾಗಲೇ ನನಗೆ ರೇಲ್ ಮೊದಲ ಸಲ ಸರಿಯಾಗಿ ಬಂದದ್ದು.

ಕೊನೆಗೆ ನಾನೇ ಸಾಗರದ ಮಾತು ತೆಗೆದೆ. ತಪ್ಪಾಯಿತಪ್ಪ, ಅಷ್ಟು ನಗಬಾರದಿತ್ತು ಎಂದೆ. ಅವನು ಸ್ವಲ್ಪ ಹೊತ್ತು ಕೈ ಉಜ್ಜಿಕೊಳ್ಳುತ್ತಾ ಕೂತ. ಆಮೇಲೆ, "ಅಜ್ಜಿ ಆಸ್ಪತ್ರೆಯಿಂದ ಮಾತಾಡಿದಾಗ ನಾನು ಒಂದು ಸೆಂಟೆನ್ಸ್ ರೆಡಿ ಮಾಡಿದ್ದೆ ಅಮ್ಮ. ಸರಿ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಹೂಂ ಅಂದೆ" ಎಂದ. 2014ರಲ್ಲಿ ಅಮ್ಮ ತೀರಿಕೊಂಡರು. ಆ ವಾಕ್ಯ ಏನಿತ್ತು ಎಂದು ನಾನು ಕೇಳಲಿಲ್ಲ. ಅದು ನನ್ನದಲ್ಲ, ಅವರಿಬ್ಬರದು.

ಮಕ್ಕಳೇ, ಈ ನಾಲ್ಕು ತಿಂಗಳು ನಾನು ಅವನ ಮುಂದೆ ಎಷ್ಟು ಸಲ ಎಡವಿದೆನೋ ಲೆಕ್ಕವಿಲ್ಲ. ಅವನು ಒಮ್ಮೆಯೂ ನಗಲಿಲ್ಲ. "ಇನ್ನೊಂದು ಸಲ" ಎಂದಷ್ಟೇ ಹೇಳಿದ. ಕಲಿಯುವವರಿಗೆ ಬೇಕಾದದ್ದು ಅದೊಂದೇ ಮಾತು. ನಾವು ಹಿರಿಯರು ನಿಮಗೆ ಅದನ್ನು ಹೇಳಲಿಲ್ಲ. ನಿಮ್ಮ ಕನ್ನಡ ಕೇಳಿ ನಕ್ಕೆವು, ನೀವು ಬಾಯಿ ಮುಚ್ಚಿಕೊಂಡ ಮೇಲೆ ಮಾತಾಡುವುದಿಲ್ಲ ಎಂದು ದೂರಿದೆವು.

ಇನ್ನು ಮೇಲಾದರೂ ಆಡಿ. ಲಿಂಗ ತಪ್ಪಲಿ, ವಿಭಕ್ತಿ ತಪ್ಪಲಿ, ನಡುವೆ ಹಿಂದಿ ನುಗ್ಗಲಿ. ಊರಿನಲ್ಲಿ ಅಜ್ಜ ಅಜ್ಜಿ ಇರುವವರು ಈ ಭಾನುವಾರವೇ ಫೋನು ಮಾಡಿ. ತಯಾರು ಮಾಡಿಟ್ಟ ವಾಕ್ಯ ಹೇಗಿದ್ದರೂ ಹೇಳಿಬಿಡಿ. ಯಾರಾದರೂ ನಕ್ಕರೆ ಈ ಪುಟ ತೋರಿಸಿ.

ನನ್ನ ಪ್ರಗತಿಯ ವರದಿ: ಬಲ ಬೆರಳ ತುದಿಯಿಂದ ಹೊರಟ ಅಲೆ ಈಗ ಮೊಣಕೈ ದಾಟಿ, ಹೆಗಲು ದಾಟಿ, ಎದೆಯವರೆಗೆ ಬರುತ್ತಿದೆ. ಎಡ ಹೆಗಲಿಗೆ ಇನ್ನೂ ಹೋಗಿಲ್ಲ. ಹುಳಿಪುಡಿ ಡಬ್ಬವನ್ನು ನಾನೇ ಇಳಿಸುತ್ತೇನೆ. ನಮ್ಮ ಯಜಮಾನರು ನಗುವುದನ್ನು ಬಿಟ್ಟು, ಬಾಗಿಲ ಬಳಿ ನಿಂತು ಬೆರಳು ಮಡಿಸಿ ನೋಡುತ್ತಿದ್ದಾರೆ. ಅವರದೂ ಉಂಗುರದ ಬೆರಳು ಏಳುತ್ತಿಲ್ಲ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.