51 ಸಿಗದಿದ್ದರೆ 47 ಹಾಕಿ

ಗಿಟಾರಿನ ದನಿಗೆ ಒರಟುತನ ಕೊಡುವ ಟ್ಯೂಬ್ ಸ್ಕ್ರೀಮರ್ ಪೆಡಲನ್ನು ಮನೆಯಲ್ಲೇ ಕಟ್ಟಲು ಕೂತವರನ್ನು ನಕ್ಷೆಯ ಒಂದು ಅಂಕಿ ತಡೆದು ನಿಲ್ಲಿಸಬಹುದು: 51 ಪಿಕೊಫ್ಯಾರಡ್ ಕೆಪಾಸಿಟರ್. 47 ಮತ್ತು 56 ಹೆಚ್ಚು ಬಳಕೆಯ ಮೌಲ್ಯಗಳು, 51 ಅಷ್ಟಿಲ್ಲ. ಅದೊಂದು ಬಿಡಿಭಾಗಕ್ಕಾಗಿ ಕೆಲಸ ನಿಲ್ಲಿಸಿ ಕಾಯಬೇಕಿಲ್ಲ, 47 ಹಾಕಿ ಮುಂದುವರಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಕೆಪಾಸಿಟರ್‌ನ ಕೆಲಸ ತಾರಸ್ಥಾಯಿಯ ಕರಕರವನ್ನು ತಗ್ಗಿಸುವುದು. ಡ್ರೈವ್ ಗುಂಡಿಯನ್ನು ಪೂರ್ತಿ ತಿರುಗಿಸಿದಾಗ ಆ ತಗ್ಗಿಸುವಿಕೆ ಸುಮಾರು 5,660 ಹರ್ಟ್ಸ್‌ನ ಆಸುಪಾಸಿನಲ್ಲಿ ಶುರುವಾಗುತ್ತದೆ. 47 ಹಾಕಿದರೆ ಸುಮಾರು 6,150ಕ್ಕೆ ಸರಿಯುತ್ತದೆ. ದನಿಯ ಮಟ್ಟದಲ್ಲಿ ಇದು ಹೆಚ್ಚೆಂದರೆ ಮುಕ್ಕಾಲು ಡೆಸಿಬೆಲ್ಲಿನಷ್ಟು ವ್ಯತ್ಯಾಸ. ಗುಂಡಿಯನ್ನು ಪೂರ್ತಿ ಇಳಿಸಿದರಂತೂ ಆ ಗಡಿ 60,000 ಹರ್ಟ್ಸ್ ದಾಟುತ್ತದೆ, ಮನುಷ್ಯರ ಕಿವಿಗೆ ಸಂಬಂಧವೇ ಇಲ್ಲದ ಜಾಗ.

ತಯಾರಕರು ಯೋಚಿಸಿಯೇ 51 ಆರಿಸಿದ್ದಾರೆ, ಅದನ್ನು ಬದಲಿಸಿದರೆ ಮೂಲ ದನಿ ಕೆಡುತ್ತದೆ ಎನ್ನುವವರಿದ್ದಾರೆ. ಆ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಆ ಗಡಿಯನ್ನು ಕೆಪಾಸಿಟರ್ ಒಂದೇ ನಿರ್ಧರಿಸುವುದಿಲ್ಲ, ಡ್ರೈವ್ ಗುಂಡಿಯ ಹಿಂದಿರುವ 500 ಕಿಲೋಓಮ್ ಪಾಟ್ ಕೂಡ ನಿರ್ಧರಿಸುತ್ತದೆ. ಸಾಧಾರಣ ಕಾರ್ಬನ್ ಪಾಟುಗಳಲ್ಲಿ ಶೇಕಡಾ 20ರಷ್ಟು ಏರುಪೇರು ಸಹಜ. ಅಂದರೆ ಒಂದೇ ನಕ್ಷೆಯ ಎರಡು ಪೆಡಲುಗಳ ನಡುವೆಯೇ 51 ಮತ್ತು 47ರ ನಡುವಿನದಕ್ಕಿಂತ ದೊಡ್ಡ ಅಂತರ ಇರಬಹುದು. ಅಷ್ಟಾದರೂ ಸಮಾಧಾನವಾಗದಿದ್ದರೆ 33 ಮತ್ತು 18ನ್ನು ಸಮಾಂತರವಾಗಿ ಬೆಸುಗೆ ಹಾಕಿ. ಸರಿಯಾಗಿ 51 ಸಿಗುತ್ತದೆ.

ಹಾಗೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಬಹುದು ಎಂದಲ್ಲ. ಇದೇ ಪೆಡಲಿನ 0.047 ಮೈಕ್ರೊಫ್ಯಾರಡ್ ಜಾಗಕ್ಕೆ 0.1 ಹಾಕಿದರೆ, 720 ಹರ್ಟ್ಸ್ ಬಳಿಯಿದ್ದ, ಮಂದ್ರವನ್ನು ತಗ್ಗಿಸುವ ಗಡಿ 340ಕ್ಕೆ ಇಳಿದು, ಮಂದ್ರದ ಸ್ವರಗಳೂ ಒಡೆದು ದನಿ ಕಲಸಿಹೋಗುತ್ತದೆ. ದನಿಯನ್ನು ಏರಿಳಿಸುವ ಟ್ರೆಮೊಲೊ ಪೆಡಲಿನಲ್ಲಿ ವೇಗ ನಿರ್ಧರಿಸುವ ಕೆಪಾಸಿಟರ್ ಬದಲಾದರೆ ಏರಿಳಿತದ ಲಯವೇ ಬದಲಾಗುತ್ತದೆ. 9 ವೋಲ್ಟ್ ಬ್ಯಾಟರಿಯ ಪೆಡಲಿನಲ್ಲಿ ಇವೆಲ್ಲ ರುಚಿಯ ಪ್ರಶ್ನೆಗಳು. ಗೋಡೆಯ ಕರೆಂಟಿಗೆ ನೇರ ಜೋಡಿಸಿದ ಕೆಪಾಸಿಟರ್ ಮಾತ್ರ ಜೀವದ ಪ್ರಶ್ನೆ, ಅಲ್ಲಿ ಬದಲಿಯ ಮಾತೇ ಬೇಡ. ಉಳಿದಂತೆ, ಬ್ರೆಡ್‌ಬೋರ್ಡಿನಲ್ಲಿ 22, 47, 100 ಪಿಕೊಫ್ಯಾರಡ್‌ಗಳನ್ನು ಒಂದಾದ ಮೇಲೊಂದು ಸಿಕ್ಕಿಸಿ, ಡ್ರೈವ್ ಏರಿಸಿ, ಒಂದೇ ಸ್ವರ ನುಡಿಸಿ ಕೇಳಿ. ಎಷ್ಟು ಅಂತರ ನಿಮಗೆ ಮುಖ್ಯ ಎಂಬುದನ್ನು ನಿಮ್ಮ ಕಿವಿಯೇ ಹೇಳುತ್ತದೆ.