ಬೀರು ಬಾಗಿಲು ಮುಚ್ಚೋ ಮೊದಲು ಅಜ್ಜಿ ಕೈಗೆ ರಿಮೋಟ್ ಕೊಡಿ

ಮನೆ ಇಂಟೀರಿಯರ್ ರೀಲ್ಸ್ ನೋಡೋರಿಗೆ ಈ ದೃಶ್ಯ ಗೊತ್ತಿರುತ್ತೆ. ಬಿಳಿ ಗೋಡೆ, ಅದರ ಮೇಲೆ ತೆಳ್ಳಗಿನ ಟಿವಿ, ಸುತ್ತ ಏನೂ ಇಲ್ಲ. ಸೆಟ್ ಟಾಪ್ ಬಾಕ್ಸ್, ರೌಟರ್, ಆಂಪ್ಲಿಫೈಯರ್ ಎಲ್ಲ ಮನೆ ನಡುವಿನ ಒಂದು ಬೀರುವಿನೊಳಗೆ. ಒಂದು ವೈರ್ ಕೂಡ ಕಾಣಲ್ಲ. ನೋಡೋಕೆ ಸಖತ್ತಾಗಿರುತ್ತೆ, ಸುಳ್ಳು ಹೇಳಲ್ಲ.

ಹೋದ ದಸರಾ ರಜೆಯಲ್ಲಿ ತುಮಕೂರಿನ ನಮ್ಮ ಮನೆಯಲ್ಲಿ ನಾನೂ ಅದನ್ನೇ ಮಾಡಿದೆ. ಹಾಲ್ ಗೋಡೆಯ ಹಿಂದೆ ಒಂದು ಗೋಡೆ ಬೀರು ಇದೆ. ಎಲೆಕ್ಟ್ರಿಷಿಯನ್ ಕರೆಸಿ ತೂತು ಹೊಡೆಸಿ, ಎಲ್ಲ ಡಬ್ಬಗಳನ್ನೂ ಅದರೊಳಗೆ ಸೇರಿಸಿದೆ. ಬಾಗಿಲು ಹಾಕಿ ಫೋಟೋ ತೆಗೆದು ಸ್ಟೇಟಸ್ ಹಾಕ್ಕೊಂಡು ಹಾಸ್ಟೆಲ್‌ಗೆ ವಾಪಸ್ ಬಂದೆ.

ಸಂಕ್ರಾಂತಿಗೆ ಹೋದಾಗ ಸಂಜೆ ಏಳೂವರೆಗೆ ಟಿವಿ ಆಫ್ ಆಗಿತ್ತು. ಅದು ಅಜ್ಜಿಯ ಧಾರಾವಾಹಿ ಟೈಮ್. "ಯಾಕಜ್ಜಿ?" ಅಂದ್ರೆ "ಕಣ್ಣು ನೋವು, ಸಾಕು ಬಿಡು" ಅಂದ್ರು. ಆಮೇಲೆ ಅಮ್ಮ ನಿಜ ಹೇಳಿದ್ರು. ನವೆಂಬರ್‌ನಿಂದಲೇ ರಿಮೋಟ್ ಕೆಲಸ ಮಾಡ್ತಿರಲಿಲ್ಲ. ಚಾನೆಲ್ ಬದಲಿಸೋಕೆ ಪ್ರತಿ ಸಲ ಎದ್ದು ಹೋಗಿ, ಬೀರು ತೆಗೆದು, ಬಗ್ಗಿ, ವೈರ್‌ಗಳ ಹಿಂದಿರೋ ಬಟನ್ ಒತ್ತಬೇಕಿತ್ತು. ಅಜ್ಜಿ ಮಂಡಿಗೆ ಅದು ಆಗೋ ಮಾತಲ್ಲ. "ಹುಡುಗನಿಗೆ ಪರೀಕ್ಷೆ ಇದೆ, ಹೇಳಬೇಡ" ಅಂತ ಅಮ್ಮನ ಬಾಯಿಯನ್ನೂ ಮುಚ್ಚಿಸಿದ್ರಂತೆ.

ಅವತ್ತಿಂದ ನನ್ನ ಅಭಿಪ್ರಾಯ ಇದು: ವೈರ್ ಮುಚ್ಚಿಡಿ, ಆದ್ರೆ ದಿನಾ ಬಳಸೋರಿಂದ ಯಂತ್ರವನ್ನ ಮುಚ್ಚಿಡಬೇಡಿ.

ತಪ್ಪು ಎಲ್ಲಾಯ್ತು ಅಂತ ನೋಡೋಣ. ಸೆಟ್ ಟಾಪ್ ಬಾಕ್ಸ್‌ಗಳ ಸಾಮಾನ್ಯ ರಿಮೋಟ್ ಅವಗೆಂಪು ಬೆಳಕಲ್ಲಿ ಕೆಲಸ ಮಾಡುತ್ತೆ. ತರಂಗಾಂತರ ಸುಮಾರು 940 ನ್ಯಾನೋಮೀಟರ್, ಮಿನುಗೋದು ಸೆಕೆಂಡಿಗೆ ಸುಮಾರು 38,000 ಸಲ. ಅದು ಬೆಳಕೇ ಆಗಿರೋದ್ರಿಂದ ಮರದ ಬಾಗಿಲು ದಾಟಲ್ಲ. ಅದಕ್ಕೆ ಐಆರ್ ರಿಪೀಟರ್ ಅಂತ ಸಿಗುತ್ತೆ. ಟಿವಿ ಕೆಳಗೆ ಒಂದು ಪುಟ್ಟ ಕಣ್ಣು, ಬೀರು ಒಳಗೆ ಬಾಕ್ಸ್ ಮೇಲೆ ಅಂಟಿಸೋ ಒಂದು ಎಲ್ಇಡಿ. ನಾನೂ ಹಾಕಿದ್ದೆ. ಆ ಎಲ್ಇಡಿಯ ಅಂಟು ಬಿಸಿಗೆ ಮೆತ್ತಗಾಗಿ ಬಿದ್ದುಹೋಗಿತ್ತು, ಅಷ್ಟೇ.

ಬಿಸಿ ಎಲ್ಲಿಂದ ಬಂತು? ಬಾಕ್ಸ್ 10 ವ್ಯಾಟ್, ರೌಟರ್ 10 ವ್ಯಾಟ್, ಆಂಪ್ಲಿಫೈಯರ್ 40 ವ್ಯಾಟ್ ಅಂದ್ಕೊಳ್ಳಿ. ಹೆಚ್ಚುಕಮ್ಮಿ ಅದೆಲ್ಲಾ ಕೊನೆಗೆ ಶಾಖವೇ. ಅಂದ್ರೆ ಮುಚ್ಚಿದ ಬೀರುವಿನೊಳಗೆ ಹಳೇ ಕಾಲದ 60 ವ್ಯಾಟ್ ಬಲ್ಬ್ ಉರಿಸಿಟ್ಟ ಹಾಗೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬಗ್ಗೆ ಒಂದು ಅಂದಾಜು ಸೂತ್ರ ಇದೆ: ಉಷ್ಣತೆ 10 ಡಿಗ್ರಿ ಏರಿದ್ರೆ ಆಯಸ್ಸು ಅರ್ಧ. ಇದನ್ನೆಲ್ಲ ಓದಿ ಪರೀಕ್ಷೆಯಲ್ಲಿ ಮಾರ್ಕ್ಸ್ ತಗೊಂಡವನು ನಾನೇ. ಮನೆಯಲ್ಲಿ ಗಾಳಿಗೆ ಒಂದು ಕಿಂಡಿ ಬಿಡಲಿಲ್ಲ.

ಇನ್ನೊಂದು ವಿಷಯ. ಈ ಐಡಿಯಾ ತೋರಿಸೋ ವಿಡಿಯೋಗಳು ಬಹಳಷ್ಟು ಅಮೆರಿಕದವು. ಅಲ್ಲಿ ಸಾಮಾನ್ಯವಾಗಿ ಗೋಡೆ ಅಂದ್ರೆ ಮರದ ಚೌಕಟ್ಟು, ಅದರ ಮೇಲೆ ಜಿಪ್ಸಮ್ ಹಲಗೆ, ಒಳಗೆ ಪೊಳ್ಳು. ಯಾವಾಗ ಬೇಕಾದ್ರೂ ಕೇಬಲ್ ಎಳೀಬಹುದು. ನಮ್ಮದು ಇಟ್ಟಿಗೆ, ಸಿಮೆಂಟ್ ಬ್ಲಾಕ್. ಪ್ಲಾಸ್ಟರ್ ಆದ ಮೇಲೆ ಏನೇ ಮಾಡಿದ್ರೂ ಗೋಡೆ ಕೊರೀಬೇಕು. ಎಚ್‌ಡಿಎಂಐ ಪ್ಲಗ್‌ನ ಲೋಹದ ಬಾಯಿಯೇ ಸುಮಾರು 14 ಮಿಲಿಮೀಟರ್ ಅಗಲ, ಪ್ಲಾಸ್ಟಿಕ್ ತಲೆ ಸೇರಿದ್ರೆ ಇನ್ನೂ ದಪ್ಪ. ಸಣ್ಣ ಪೈಪಿನ ತಿರುವಲ್ಲಿ ಅದು ತೂರಲ್ಲ. ಜೊತೆಗೆ 4ಕೆ ಚಿತ್ರ ಬೇಕಂದ್ರೆ ಸಾಧಾರಣ ತಾಮ್ರದ ಎಚ್‌ಡಿಎಂಐ ಕೇಬಲನ್ನ ಐದಾರು ಮೀಟರ್ ಆಚೆಗೆ ನಂಬೋದು ಕಷ್ಟ. ದೂರ ಜಾಸ್ತಿ ಇದ್ರೆ ಆಪ್ಟಿಕಲ್ ಎಚ್‌ಡಿಎಂಐ ಅಥವಾ ಎಚ್‌ಡಿಬೇಸ್‌ಟಿ ಬೇಕು, ಖರ್ಚೂ ಜಾಸ್ತಿ.

"ಈಗೆಲ್ಲ ಸ್ಮಾರ್ಟ್ ಟಿವಿ, ಬಾಕ್ಸೇ ಬೇಡ" ಅಂತ ನನ್ನ ರೂಮ್‌ಮೇಟ್ ವಾದ ಮಾಡ್ತಾನೆ. ಅವನಿಗೆ ಬೇಡ, ಸರಿ. ಆದ್ರೆ ಅಜ್ಜಿಗೆ ನೂರಾರು ಆ್ಯಪ್ ಬೇಕಿಲ್ಲ. ನಂಬರ್ ಒತ್ತಿದ್ರೆ ಚಾನೆಲ್ ಬರಬೇಕು. ಆ್ಯಪ್ ನೋಡೋಕೂ ರೌಟರ್ ಬೇಕಲ್ವಾ? ಅದನ್ನ ಸ್ಟೀಲ್ ಬೀರುವಿನಲ್ಲಿಟ್ಟು ಬಾಗಿಲು ಹಾಕಿ ನೋಡಿ, ಪಕ್ಕದ ರೂಮಲ್ಲೇ ಸಿಗ್ನಲ್ ಹುಡುಕಬೇಕಾಗುತ್ತೆ.

ಹಾಗಂತ ವೈರ್ ಎಲ್ಲ ಜೋತಾಡಲಿ ಅಂತಿಲ್ಲ. ಧೂಳು ಕಮ್ಮಿ ಆಗುತ್ತೆ, ಮಕ್ಕಳು ಎಳೆಯಲ್ಲ, ಯಾರೂ ಎಡವಲ್ಲ. ಮನೆ ಕಟ್ಟಿಸ್ತಿರೋರು ಪ್ಲಾಸ್ಟರ್‌ಗೆ ಮುಂಚೆನೇ ದಪ್ಪ ಪೈಪ್ ಹಾಕಿಸಿ, ಒಳಗೆ ಎಳೆಯೋ ದಾರ ಬಿಡಿ. ಕರೆಂಟ್ ವೈರ್‌ಗೆ ಬೇರೆ ಪೈಪ್ ಇರಲಿ. ಬೀರು ಬಾಗಿಲಿಗೆ ಮೇಲೊಂದು ಕೆಳಗೊಂದು ಗಾಳಿ ಕಿಂಡಿ ಇರಲಿ. ಯಾವ ವೈರ್ ಯಾವುದಕ್ಕೆ ಅಂತ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿ.

ನಾನು ಹಬ್ಬದ ಮಾರನೇ ದಿನ ಸೆಟ್ ಟಾಪ್ ಬಾಕ್ಸ್ ವಾಪಸ್ ತಂದು ಟಿವಿ ಕೆಳಗೆ ಇಟ್ಟೆ. ಮಿಕ್ಕಿದ್ದು ಬೀರುವಿನಲ್ಲೇ ಇದೆ, ಬಾಗಿಲಿಗೆ ಈಗ ಜಾಲರಿ. ಬಾಕ್ಸಿನ ಹಸಿರು ದೀಪ ನೋಡಿ ಅಜ್ಜಿ "ಇದರ ಮುಖ ಕಂಡ್ರೆ ಸಾಕಪ್ಪ, ಎದ್ದಿದೆಯೋ ಮಲಗಿದೆಯೋ ಗೊತ್ತಾಗುತ್ತೆ" ಅಂದ್ರು. ಸ್ಟೇಟಸ್ ಲೈಟ್ ಯಾಕಿರುತ್ತೆ ಅಂತ ಯಾವ ಲ್ಯಾಬಲ್ಲೂ ನನಗೆ ಇಷ್ಟು ಸರಿಯಾಗಿ ಅರ್ಥ ಆಗಿರಲಿಲ್ಲ.

ಮುಂದಿನ ರಜೆಯಲ್ಲಿ ನೀವೂ ಮನೆಯಲ್ಲಿ ಇಂಥದ್ದೇನಾದ್ರೂ ಮಾಡ್ತೀರಾ? ಮಾಡಿ. ಆದ್ರೆ ಬಸ್ ಹತ್ತೋ ಹಿಂದಿನ ದಿನ ನೀವು ಏನನ್ನೂ ಮುಟ್ಟಬೇಡಿ. ಮನೆಯವರು ಆನ್ ಮಾಡಲಿ, ಆಫ್ ಮಾಡಲಿ. ಒಂದು ಸಲ ಮೇನ್ ಸ್ವಿಚ್ ತೆಗೆದು ಹಾಕಿ, ಕರೆಂಟ್ ಹೋಗಿ ಬಂದಾಗ ಏನಾಗುತ್ತೆ ನೋಡಿ. ಅವರು ನಿಮ್ಮನ್ನ ಕರೀದೆ ಟಿವಿ ನೋಡಿದ್ರೆ ಆಮೇಲೆ ಬೇಕಾದ್ರೆ ಸ್ಟೇಟಸ್ ಹಾಕಿ.